ಸೀಸೆಯಲ್ಲಿಟ್ಟ ಮಣ್ಣೂ ಕಾಡಿನ ಆಮ್ಲತೆಯೂ

ಕಾಡಿನ ನೆಲವು ಕಾಲಕ್ರಮದಲ್ಲಿ ಮಾರ್ಪಡುವುದೆಂಬುದು ಸರ್ವವಿದಿತವಾದ ಸಂಗತಿ. ಆದರೆ ಆ ಮಾರ್ಪಾಡು ಎಷ್ಟು, ಅದಕ್ಕೆ ಕಾರಣವೇನು ಎಂಬುದನ್ನು ಒಬ್ಬನ ಆಯುಷ್ಯದೊಳಗೆ ನಿರ್ಣಯಿಸುವುದು ದುಸ್ಸಾಧ್ಯ. ಈ ವಿಷಯದಲ್ಲಿ ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್ ಪ್ರಾಂತದ ರಾಥಮ್‌ಸ್ಟೆಡ್ ಕ್ಷೇತ್ರವು ಒದಗಿಸಿರುವ ಸಾಕ್ಷ್ಯವು ವಿಚಾರಯೋಗ್ಯವಾದುದು.

1843ರಲ್ಲಿ ಅಲ್ಲಿ ಜಮೀನುದಾರ ಜಾನ್ ಬೆನೆಟ್ ಲಾಸ್ ಎಂಬವರೂ ರಸಾಯನಶಾಸ್ತ್ರಜ್ಞ ಹೆನ್ರಿ ಗಿಲ್ಬರ್ಟ್ ಎಂಬವರೂ ಗೊಬ್ಬರಗಳ ಪರೀಕ್ಷೆಯನ್ನು ಆರಂಭಿಸಿದರು. ಕಾಡು ಅವರ ಉದ್ದೇಶವಾಗಿರಲಿಲ್ಲ. ಆದರೂ 1882ರಲ್ಲಿ ಬ್ರಾಡ್‌ಬಾಕ್ ಎಂಬ ಗೋಧಿಯ ಹೊಲದ ಒಂದು ಅಂಚನ್ನೂ, 1886ರಲ್ಲಿ ಗೀಸ್‌ಕ್ರಾಫ್ಟ್ ಎಂಬ ಹೊಲದ ಒಂದು ಭಾಗವನ್ನೂ ಉಳದೆ ಬಿಟ್ಟುಬಿಟ್ಟರು. ಎರಡೂ ತಾವಾಗಿಯೇ ಕಾಡಾದುವು. ಬೀಳುವ ಮಳೆಯೂ ಬೀಸುವ ಗಾಳಿಯೂ ಎರಡಕ್ಕೂ ಒಂದೇ. ಭೇದವಿದ್ದುದು ಇಷ್ಟು: ಬ್ರಾಡ್‌ಬಾಕಿನ ನೆಲಕ್ಕೆ ಹಿಂದಿನ ಕಾಲದ ಒಕ್ಕಲಿಗರು ಸೀಮೆಸುಣ್ಣವನ್ನು ಹೇರಳವಾಗಿ ಹಾಕಿದ್ದರು, ಗೀಸ್‌ಕ್ರಾಫ್ಟಿನಲ್ಲಿ ಅಂತಹ ದಾಸ್ತಾನು ಇರಲಿಲ್ಲ.

ನೂರು ವರ್ಷಗಳ ತರುವಾಯ ನೋಡಲಾಗಿ, ಬ್ರಾಡ್‌ಬಾಕ್ ಕಾಡಿನ ಮಣ್ಣಿನ ಪಿಎಚ್ ಮಾನವು 7ಕ್ಕಿಂತ ಮೇಲೆಯೇ ನಿಂತಿತ್ತು. ಗೀಸ್‌ಕ್ರಾಫ್ಟಿನಲ್ಲಿಯಾದರೋ, 1883ರಲ್ಲಿ ಸುಮಾರು 7 ಇದ್ದುದು 4ರ ಆಸುಪಾಸಿಗೆ ಇಳಿದಿತ್ತು. ಈ ಮಾನದಲ್ಲಿ ಒಂದು ಅಂಕ ಇಳಿದರೆ ಆಮ್ಲತೆ ಹತ್ತು ಮಡಿ ಏರುವುದು. ಮೂರು ಅಂಕ ಇಳಿದರೆ ಸಾವಿರ ಮಡಿ. ಕಲ್ಲಿದ್ದಲ ಹೊಗೆಯಿಂದ ಬಂದ ಗಂಧಕಾಮ್ಲವನ್ನೂ, ಸಾರಜನಕದ ಸಂಯುಕ್ತಗಳನ್ನೂ ಮರಗಳ ಎಲೆಗಳು ಗಾಳಿಯಿಂದ ಸೋಸಿ ನೆಲಕ್ಕೆ ಇಳಿಸುವುವು. ಬೇರುಗಳು ಕ್ಯಾಲ್ಸಿಯಮ್ ಮೊದಲಾದುವನ್ನು ಹೀರಿ, ಬದಲಿಗೆ ಆಮ್ಲವನ್ನು ಬಿಡುವುವು. ಸುಣ್ಣವಿರುವ ತನಕ ಇದಾವುದೂ ಹೊರಗೆ ಕಾಣದು. ಅದು ತೀರಿದ ಮೇಲೆ ಜೇಡಿಯಲ್ಲಿ ಬಂಧಿತವಾಗಿದ್ದ ಅಲ್ಯೂಮಿನಿಯಮ್ ಕರಗಿ ಹೊರಬರುವುದು. ಅದು ಬೇರುಗಳಿಗೆ ವಿಷಪ್ರಾಯ.

ಇಲ್ಲಿ ಒಂದು ಸಂದೇಹಕ್ಕೆ ಎಡೆಯುಂಟು. ಪಿಎಚ್ ಎಂಬ ಮಾನವನ್ನು ಡೆನ್ಮಾರ್ಕಿನ ಸೋರೆನ್‌ಸೆನ್ ನಿರೂಪಿಸಿದ್ದು 1909ರಲ್ಲಿ. ಲಾಸ್ 1900ರಲ್ಲಿಯೂ ಗಿಲ್ಬರ್ಟ್ 1901ರಲ್ಲಿಯೂ ಗತಿಸಿದ್ದರು. ಹೀಗಿರಲು 1883ರ ಮಾನವು ದೊರೆತದ್ದೆಂತು? ಅವರು ಲೆಕ್ಕವನ್ನು ಮಾತ್ರವಲ್ಲ, ಮಣ್ಣನ್ನೇ ಒಣಗಿಸಿ ಸೀಸೆಗಳಲ್ಲಿ ತುಂಬಿ ಇಟ್ಟಿದ್ದರು. ಓಲೆಗರಿಗಳೊಡನೆ ವ್ಯವಹರಿಸುವ ನಮ್ಮ ವಾಚಕರಿಗೆ ಇದರ ಬೆಲೆಯನ್ನು ವಿವರಿಸಬೇಕಾದುದಿಲ್ಲ. ಪ್ರತಿಕಾರನು ತನ್ನ ಕಾಲಕ್ಕೆ ತೋರಿದಷ್ಟನ್ನೇ ಎತ್ತಿ ಬರೆಯುವನು. ಮೂಲವು ಉಳಿದಿದ್ದರೆ ಮಾತ್ರ ಅವನು ಕಾಣದಿದ್ದುದನ್ನು ಮುಂದಿನವರು ಕಾಣಬಲ್ಲರು.

ಸೀಸೆಯಲ್ಲಿ ಮಣ್ಣೇ ಕೆಟ್ಟಿರಲಾರದೆ ಎಂಬ ಆಕ್ಷೇಪವು ನ್ಯಾಯವಾದುದೇ. ಒಣಗಿದ ಮಣ್ಣಿನ ಸೂಕ್ಷ್ಮಜೀವಿಗಳ ವಿಷಯದಲ್ಲಿ ಹಳೆಯ ಸೀಸೆಗಳು ನಂಬತಕ್ಕವಲ್ಲ; ಲೋಹಗಳ ಒಟ್ಟು ಮೊತ್ತದ ವಿಷಯದಲ್ಲಿ ನಂಬಬಹುದು. ಪಿಎಚ್ ಈ ಎರಡರ ನಡುವಣದು. ಅಲ್ಪಸ್ವಲ್ಪ ವ್ಯತ್ಯಾಸವನ್ನು ಶೇಖರಣೆಯ ದೋಷವೆನ್ನಬಹುದಾದರೂ, ಮೂರು ಅಂಕಗಳ ಇಳಿತವನ್ನು ಹಾಗೆ ತಳ್ಳಿಹಾಕುವುದು ಯುಕ್ತವೆಂದು ನಮಗೆ ತೋರುವುದಿಲ್ಲ.

ಬ್ರಿಟನ್ನಿನ ಗಾಳಿಯಲ್ಲಿ ಗಂಧಕವು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದ ಬಹಳ ತಗ್ಗಿದೆ. ಕಳೆದುಹೋದ ಕ್ಯಾಲ್ಸಿಯಮ್ ಮಾತ್ರ ಕಲ್ಲು ಕರಗಿದಷ್ಟೇ ನಿಧಾನವಾಗಿ ಹಿಂತಿರುಗಬೇಕು. ಅದನ್ನು ಅಳೆಯಬೇಕಾದರೆ ಹೊಸ ಮಣ್ಣನ್ನು ಹಿಂದೆ ತೆಗೆದಂತೆಯೇ ಮೇಲಿನಿಂದ 9 ಅಂಗುಲದವರೆಗೆ ತೆಗೆಯಬೇಕಾಗುವುದು. ಆಳವು ಬದಲಾದರೆ ಹಳೆಯ ಸೀಸೆಯೊಡನೆ ಹೋಲಿಕೆಯೇ ತಪ್ಪುವುದು.