ಅಪ್ಪ ಉಳೀತಾನಾ, ಇಲ್ವಾ? ಸ್ಪೈಡರ್-ಮ್ಯಾನ್ ಫ್ಯಾನ್ಸ್ ವರ್ಷಗಟ್ಟಲೆ ಕಾಯ್ತಿರೋದು ಈ ಒಂದು ಉತ್ತರಕ್ಕೆ

2023ರ ಜೂನ್‌ನಲ್ಲಿ 'ಸ್ಪೈಡರ್-ಮ್ಯಾನ್: ಅಕ್ರಾಸ್ ದಿ ಸ್ಪೈಡರ್-ವರ್ಸ್' ನೋಡೋಕೆ ಹೋದವರಿಗೆ ಎರಡು ಗಂಟೆ 20 ನಿಮಿಷ ಆದ ಮೇಲೆ ಒಂದು ಶಾಕ್ ಕಾದಿತ್ತು. ಹೀರೋ ಮೈಲ್ಸ್ ಮೊರಾಲೆಸ್ ತನ್ನದಲ್ಲದ ಲೋಕದಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ, ಕೈಕಾಲು ಕಟ್ಟಿಹಾಕಿದ್ದಾರೆ. ಎದುರಿಗೆ ನಿಂತ ವಿಲನ್ ಮುಖವಾಡ ತೆಗೆದ್ರೆ ಅವನೂ ಮೈಲ್ಸೇ! ಇನ್ನೊಂದು ಕಡೆ ಗೆಳತಿ ಗ್ವೆನ್ ತನ್ನ ಗ್ಯಾಂಗ್ ಕಟ್ಟಿಕೊಂಡು ಅವನನ್ನು ಹುಡುಕೋಕೆ ಹೊರಟಿದ್ದಾಳೆ. ಸರಿ, ಇನ್ನೇನು ಫೈಟ್ ಶುರು ಅಂತ ಸೀಟಿನ ತುದಿಗೆ ಬಂದು ಕೂತ್ರೆ ಪರದೆ ಮೇಲೆ 'ಮುಂದುವರಿಯುವುದು' ಅಂತ ಬಂತು. ಸಿನಿಮಾ ಮುಗೀತು.

ಆ ಮುಂದಿನ ಭಾಗದ ಹೆಸರು 'ಬಿಯಾಂಡ್ ದಿ ಸ್ಪೈಡರ್-ವರ್ಸ್'. ಸೋನಿ ಕಂಪನಿ ಈಗ ಇಟ್ಟಿರೋ ಗಡುವು 2027ರ ಜೂನ್. ಅಂದ್ರೆ ಅರ್ಧ ಕಥೆಗೂ ಉಳಿದರ್ಧಕ್ಕೂ ನಡುವೆ ಪೂರ್ತಿ ನಾಲ್ಕು ವರ್ಷ. 2023ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗ ಅಷ್ಟೊತ್ತಿಗೆ ಡಿಗ್ರಿ ಎರಡನೇ ವರ್ಷ ಮುಗಿಸಿರ್ತಾನೆ, ನನ್ನ ಥರ ಮಧ್ಯದಲ್ಲಿ ಬಿಟ್ಟಿಲ್ಲ ಅಂದ್ರೆ.

ಮೊದಲೇ ಒಂದು ಗೊಂದಲ ಬಗೆಹರಿಸಿಬಿಡೋಣ. ಟಾಮ್ ಹಾಲೆಂಡ್ ಮಾಡೋ ಸ್ಪೈಡರ್-ಮ್ಯಾನ್ ಸಿನಿಮಾಗಳೇ ಬೇರೆ, ಇದೇ ಬೇರೆ. ಇದು ಅನಿಮೇಷನ್. ಇಲ್ಲಿ ಹೀರೋ ಪೀಟರ್ ಪಾರ್ಕರ್ ಅಲ್ಲ, ಮೈಲ್ಸ್ ಮೊರಾಲೆಸ್ ಅನ್ನೋ ಬ್ರೂಕ್ಲಿನ್ ಹುಡುಗ. ಅಪ್ಪ ಕಪ್ಪು ಜನಾಂಗದ ಪೊಲೀಸ್ ಅಧಿಕಾರಿ, ಅಮ್ಮ ಪೋರ್ಟೊ ರಿಕೊ ಮೂಲದ ನರ್ಸ್. ಮೊದಲ ಭಾಗ 'ಇಂಟು ದಿ ಸ್ಪೈಡರ್-ವರ್ಸ್' 2018ರ ಡಿಸೆಂಬರ್‌ನಲ್ಲಿ ಬಂದು, ಮರುವರ್ಷ ಅತ್ಯುತ್ತಮ ಅನಿಮೇಷನ್ ಸಿನಿಮಾ ಆಸ್ಕರ್ ತಗೊಂಡಿತ್ತು. ಮೊದಲ ಭಾಗ ಪ್ರಪಂಚದಾದ್ಯಂತ ಸುಮಾರು 38 ಕೋಟಿ ಡಾಲರ್ ಗಳಿಸಿದ್ರೆ ಎರಡನೇದು ಸುಮಾರು 69 ಕೋಟಿ ಡಾಲರ್. ಕಾರ್ಟೂನ್ ಅಂದ್ರೆ ಮಕ್ಕಳಿಗೆ ಮಾತ್ರ ಅಂದ್ಕೊಂಡಿದ್ದವರ ಬಾಯಿ ಮುಚ್ಚಿಸಿದ ಸಿನಿಮಾ ಇದು.

ಹಣೆಬರಹದ ಜಗಳ

ಫ್ಯಾನ್ಸ್ ತಲೆ ಕೆಡಿಸಿಕೊಂಡಿರೋದು ಫೈಟ್‌ಗೆ ಅಲ್ಲ. ಎರಡನೇ ಭಾಗ ಒಂದು ಪ್ರಶ್ನೆ ಎತ್ತಿ ಉತ್ತರ ಕೊಡದೆ ಹೋಗಿದೆ. ಅದನ್ನು ಅರ್ಥ ಮಾಡ್ಕೊಂಡ್ರೆ ಉಳಿದದ್ದೆಲ್ಲ ತಾನೇ ಅರ್ಥ ಆಗುತ್ತೆ.

ಸಿನಿಮಾದ ಪ್ರಕಾರ ಲೆಕ್ಕವಿಲ್ಲದಷ್ಟು ಲೋಕಗಳಿವೆ, ಒಂದೊಂದರಲ್ಲೂ ಒಬ್ಬೊಬ್ಬ ಸ್ಪೈಡರ್-ಮ್ಯಾನ್. ಇವರಿಗೆಲ್ಲ ಒಬ್ಬ ಲೀಡರ್, ಮಿಗೆಲ್ ಓಹಾರಾ. ಅವನು ಹೇಳೋದು ಇಷ್ಟೇ: ಪ್ರತಿ ಸ್ಪೈಡರ್-ಮ್ಯಾನ್ ಬದುಕಲ್ಲೂ ಕೆಲವು ಘಟನೆ ನಡೆಯಲೇಬೇಕು. ಅದಕ್ಕೆ ಅವನಿಟ್ಟ ಹೆಸರು 'ಕ್ಯಾನನ್ ಈವೆಂಟ್'. ನಮ್ಮ ಕಡೆ ಹಣೆಬರಹ ಅಂತೀವಲ್ಲ, ಹೆಚ್ಚು ಕಮ್ಮಿ ಅದೇ. ಆ ಬರಹದಲ್ಲಿ ಒಂದು ಸಾಲು, ಸ್ಪೈಡರ್-ಮ್ಯಾನ್‌ಗೆ ಹತ್ತಿರದ ಒಬ್ಬ ಪೊಲೀಸ್ ಕ್ಯಾಪ್ಟನ್ ಸಾಯಬೇಕು ಅಂತ. ತಪ್ಪಿಸಿದ್ರೆ ಆ ಲೋಕವೇ ಕುಸಿದು ಹೋಗುತ್ತೆ ಅನ್ನೋದು ಮಿಗೆಲ್ ವಾದ.

ಮೈಲ್ಸ್ ಅಪ್ಪ ಜೆಫ್ ಇನ್ನೆರಡು ದಿನಕ್ಕೆ ಕ್ಯಾಪ್ಟನ್ ಆಗೋನಿದ್ದಾನೆ.

ಅಪ್ಪನನ್ನು ಬಿಟ್ಟುಕೊಡು, ಲೋಕ ಉಳಿಯುತ್ತೆ ಅಂತ ನೂರಾರು ಸ್ಪೈಡರ್-ಮ್ಯಾನ್‌ಗಳು ಹೇಳ್ತಾರೆ. ಹುಡುಗ ಒಪ್ಪಲ್ಲ. ಎರಡನ್ನೂ ಉಳಿಸ್ತೀನಿ ಅಂತ ಓಡ್ತಾನೆ. ಅವರೆಲ್ಲ ಅಟ್ಟಿಸಿಕೊಂಡು ಬರ್ತಾರೆ. ಸೂಪರ್‌ಹೀರೋ ಸಿನಿಮಾದಲ್ಲಿ ವಿಲನ್ ಹೀರೋನ ಅಟ್ಟಿಸಿಕೊಂಡು ಹೋಗೋದು ಮಾಮೂಲಿ. ಇಲ್ಲಿ ಹೀರೋಗಳೇ ಹೀರೋನ ಅಟ್ಟಿಸ್ತಾರೆ, ಅದೂ ಒಳ್ಳೆ ಉದ್ದೇಶಕ್ಕೆ. ಜನಕ್ಕೆ ನಾಟಿದ್ದು ಇದು.

ಹಾಗಾದ್ರೆ ಮಿಗೆಲ್ ಹೇಳಿದ್ದು ನಿಜಾನಾ? ಫ್ಯಾನ್ಸ್ ಎರಡು ಗುಂಪಾಗಿರೋದು ಇಲ್ಲೇ.

ಅವನ ಹತ್ರ ಇರೋ ಸಾಕ್ಷಿ ಅವನದೇ ಬದುಕು. ಇನ್ನೊಂದು ಲೋಕದಲ್ಲಿ ಅವನಂಥವನೇ ಒಬ್ಬ ಸತ್ತಾಗ ಇವನು ಹೋಗಿ ಆ ಜಾಗದಲ್ಲಿ ಸೇರಿಕೊಂಡು ಸಂಸಾರ ಮಾಡ್ತಾನೆ. ಆ ಲೋಕ ಮಗಳ ಸಮೇತ ಅಳಿಸಿ ಹೋಗುತ್ತೆ. ಆದ್ರೆ ಅದು ಹಣೆಬರಹ ತಪ್ಪಿಸಿದ್ದಕ್ಕೆ ಆಯ್ತಾ, ಬೇರೆ ಲೋಕದವನು ಬಂದು ಕೂತಿದ್ದಕ್ಕೆ ಆಯ್ತಾ? ಸಿನಿಮಾ ಬಿಡಿಸಿ ಹೇಳಲ್ಲ.

ಎರಡನೇ ಸಾಕ್ಷಿ ನಮ್ಮ ಪವಿತ್ರ್ ಪ್ರಭಾಕರ್ ಲೋಕ, ಮುಂಬಾಟನ್. ಮುಂಬೈ ಮತ್ತು ಮ್ಯಾನ್‌ಹಾಟನ್ ಸೇರಿಸಿ ಮಾಡಿದ ಊರು. ಅಲ್ಲಿ ಪವಿತ್ರ್ ಗೆಳತಿ ಗಾಯತ್ರಿಯ ಅಪ್ಪ ಇನ್‌ಸ್ಪೆಕ್ಟರ್ ಸಿಂಗ್ ಸಾಯಬೇಕಿತ್ತಂತೆ. ಮೈಲ್ಸ್ ಹೋಗಿ ಉಳಿಸಿಬಿಡ್ತಾನೆ. ಕೂಡಲೇ ಊರಿನ ಮಧ್ಯೆ ದೊಡ್ಡ ಕಪ್ಪು ಗುಂಡಿ ಬಾಯಿ ಬಿಡುತ್ತೆ. ನೋಡಿದ್ಯಾ, ನಾನು ಹೇಳಿರ್ಲಿಲ್ವಾ ಅಂತಾನೆ ಮಿಗೆಲ್. ಆದ್ರೆ ಸ್ವಲ್ಪ ಹಿಂದೆ ಹೋಗಿ ನೋಡಿ. ಅದೇ ಜಾಗದಲ್ಲಿ ವಿಲನ್ 'ಸ್ಪಾಟ್' ಒಂದು ದೊಡ್ಡ ಯಂತ್ರ ಆನ್ ಮಾಡಿ ತನ್ನ ಶಕ್ತಿ ಹೆಚ್ಚಿಸಿಕೊಂಡಿರ್ತಾನೆ. ಮೈಮೇಲೆಲ್ಲ ತೂತು ಇರೋ, ಹೋದಲ್ಲೆಲ್ಲ ತೂತು ಮಾಡೋ ಮನುಷ್ಯ ಅವನು. ಗುಂಡಿ ಅವನಿಂದ ಬಿದ್ದಿರಬಾರದಾ?

ಮೂರನೇ ಸಾಕ್ಷಿ ಮಿಗೆಲ್‌ಗೆ ಉಲ್ಟಾ ಹೊಡೆಯುತ್ತೆ. ಗ್ವೆನ್ ಅಪ್ಪನೂ ಪೊಲೀಸ್ ಕ್ಯಾಪ್ಟನ್. ಬರಹದ ಪ್ರಕಾರ ಅವನೂ ಸಾಯಬೇಕು. ಕೊನೆಗೆ ಆತ ಮಗಳಿಗೋಸ್ಕರ ಕೆಲಸಕ್ಕೇ ರಾಜೀನಾಮೆ ಕೊಡ್ತೀನಿ ಅಂತಾನೆ. ಕ್ಯಾಪ್ಟನ್ನೇ ಅಲ್ಲ ಅಂದ್ಮೇಲೆ ಸಾಯೋದು ಯಾರು? ಅವರ ಲೋಕಕ್ಕೆ ಆ ಕ್ಷಣಕ್ಕೆ ಏನೂ ಆಗಲ್ಲ. ಈ ಸೀನ್ ನೋಡಿಯೇ ಗ್ವೆನ್ ಮನಸ್ಸು ಬದಲಾಗಿ ಮೈಲ್ಸ್‌ನ ಹುಡುಕೋಕೆ ಹೊರಡೋದು. ನನ್ನ ಮಟ್ಟಿಗೆ ಸಿನಿಮಾದ ಬೀಗದ ಕೈ ಇರೋದು ಇಲ್ಲೇ. ಮೂರನೇ ಭಾಗದಲ್ಲಿ ಜೆಫ್ ಉಳಿದ್ರೆ ಹೇಗೆ ಉಳೀತಾನೆ ಅನ್ನೋದಕ್ಕೆ ಸುಳಿವು ಬರೆದವರು ಆಗಲೇ ಕೊಟ್ಟಾಗಿದೆ ಅನ್ಸುತ್ತೆ.

ಆದ್ರೂ ಫ್ಯಾನ್ಸ್‌ಗೆ ಭಯ ಇದೆ. ಸುಲಭವಾಗಿ ಉಳಿಸಿಬಿಟ್ರೆ ಇಷ್ಟೆಲ್ಲ ಓಡಿದ್ದು ಯಾಕೆ ಅನ್ಸುತ್ತೆ. ಸಾಯಿಸಿಬಿಟ್ರೆ ಮಿಗೆಲ್ ಹೇಳಿದ್ದೇ ಸರಿ ಅಂತಾಗಿ ಹುಡುಗನ ಹಠಕ್ಕೆ ಬೆಲೆ ಇಲ್ಲದಂಗಾಗುತ್ತೆ. ಈ ಎರಡರ ನಡುವೆ ದಾರಿ ಹುಡುಕಬೇಕಾದ್ದು ಬರಹಗಾರರಾದ ಫಿಲ್ ಲಾರ್ಡ್, ಕ್ರಿಸ್ ಮಿಲ್ಲರ್ ಅವರ ಕೆಲಸ.

ಎರಡನೇ ಮೈಲ್ಸ್ ಯಾರು?

ಮೈಲ್ಸ್‌ನ ಕಚ್ಚಿದ ಜೇಡ ಅವನ ಲೋಕದ್ದಲ್ಲ, 42ನೇ ನಂಬರಿನ ಲೋಕದಿಂದ ಬಂದಿದ್ದು. ಮನೆಗೆ ವಾಪಸ್ ಕಳಿಸೋ ಯಂತ್ರ ಅವನ ಮೈಯಲ್ಲಿರೋ ಆ ಜೇಡದ ಗುರುತು ಹಿಡಿದು ತಪ್ಪಾಗಿ ಅಲ್ಲಿಗೇ ಕಳಿಸುತ್ತೆ. ಆ ಜೇಡ ಇಲ್ಲಿಗೆ ಬಂದುಬಿಟ್ಟಿದ್ದರಿಂದ ಅಲ್ಲಿ ಸ್ಪೈಡರ್-ಮ್ಯಾನೇ ಹುಟ್ಟಿಲ್ಲ. ಊರು ಹಾಳು ಬಿದ್ದಿದೆ. ಅಪ್ಪ ಸತ್ತಿದ್ದಾನೆ, ಇಲ್ಲಿ ಸತ್ತ ಚಿಕ್ಕಪ್ಪ ಏರನ್ ಅಲ್ಲಿ ಬದುಕಿದ್ದಾನೆ. ಅಲ್ಲಿನ ಮೈಲ್ಸ್ 'ಪ್ರೌಲರ್' ಅನ್ನೋ ಕಳ್ಳ.

ಅಪ್ಪ ಇಲ್ಲದೆ ಬೆಳೆದ ಮೈಲ್ಸ್, ಅಪ್ಪನನ್ನು ಉಳಿಸೋಕೆ ಹೊರಟ ಮೈಲ್ಸ್, ಇಬ್ಬರೂ ಒಂದೇ ರೂಮಲ್ಲಿ. ಮೂರನೇ ಭಾಗ ಶುರುವಾಗೋದು ಇಲ್ಲಿಂದ ಅಂದ್ರೆ ನಿರೀಕ್ಷೆ ಯಾಕಿರಲ್ಲ ಹೇಳಿ? ಅವನು ಕೆಟ್ಟವನಾಗೇ ಉಳಿಯೋದು ಹೆಚ್ಚಿನವರಿಗೆ ಬೇಡ. ಇವನ ಜೊತೆ ಸೇರಬೇಕು ಅನ್ನೋದೇ ಆಸೆ.

ಇಷ್ಟು ತಡ ಯಾಕಾಯ್ತು?

ಮೂಲದಲ್ಲಿ ಇದು ಒಂದೇ ಸಿನಿಮಾ ಆಗ್ಬೇಕಿತ್ತು. ಕಥೆ ದೊಡ್ಡದಾಗಿ ಎರಡು ಭಾಗ ಮಾಡಿದ್ರು. 2021ರ ಡಿಸೆಂಬರ್‌ನಲ್ಲಿ ಮೊದಲ ಟೀಸರ್ ಬಂದಾಗ ಹೆಸರಿನ ಜೊತೆ 'ಪಾರ್ಟ್ ಒನ್' ಅಂತಲೇ ಇತ್ತು. 2022ರಲ್ಲಿ ಅದನ್ನ ತೆಗೆದು ಎರಡಕ್ಕೂ ಬೇರೆ ಬೇರೆ ಹೆಸರಿಟ್ರು. ಎಷ್ಟೋ ಜನಕ್ಕೆ ಥಿಯೇಟರ್‌ನಲ್ಲಿ ಕೂತಾಗ ಇದು ಅರ್ಧ ಕಥೆ ಅಂತ ಗೊತ್ತೇ ಇರಲಿಲ್ಲ. ಆ ಸಿಟ್ಟು ಇವತ್ತಿಗೂ ಪೂರ್ತಿ ಹೋಗಿಲ್ಲ.

'ಬಿಯಾಂಡ್' 2024ರ ಮಾರ್ಚ್ 29ಕ್ಕೆ ಅಂತ ಹೇಳಿದ್ರು. ಒಂಬತ್ತೇ ತಿಂಗಳ ಗ್ಯಾಪ್. 2023ರಲ್ಲಿ ಹಾಲಿವುಡ್ ಬರಹಗಾರರು, ಆಮೇಲೆ ನಟರು ಮುಷ್ಕರಕ್ಕೆ ಕೂತ್ರು. ಅನಿಮೇಷನ್ ಆದ್ರೇನು, ಧ್ವನಿ ಕೊಡೋಕೆ ನಟರು ಬೇಕಲ್ವಾ? ಜುಲೈ ಕೊನೆಗೆ ಸೋನಿ ಆ ದಿನಾಂಕ ಕೈಬಿಟ್ಟಿತು. ಆಮೇಲೆ ಬಹಳ ದಿನ ದಿನಾಂಕವೇ ಇರಲಿಲ್ಲ. 2025ರಲ್ಲಿ 2027ರ ಜೂನ್ ಅಂತ ಘೋಷಿಸಿದ್ರು, ಬಾಬ್ ಪರ್ಸಿಕೆಟ್ಟಿ ಮತ್ತು ಜಸ್ಟಿನ್ ಥಾಂಪ್ಸನ್ ನಿರ್ದೇಶನ.

ಮುಷ್ಕರ ಅರ್ಧ ಕಾರಣ ಅಷ್ಟೇ. ಉಳಿದರ್ಧದ ಬಗ್ಗೆ ಫ್ಯಾನ್ಸ್ ಅಷ್ಟಾಗಿ ಮಾತಾಡಲ್ಲ, ಮಾತಾಡಬೇಕು. 2023ರ ಜೂನ್‌ನಲ್ಲೇ ಅಮೆರಿಕದ 'ವಲ್ಚರ್' ಒಂದು ವರದಿ ಹಾಕಿತು. 'ಅಕ್ರಾಸ್'ಗೆ ಕೆಲಸ ಮಾಡಿದ ಕಲಾವಿದರು ಹೆಸರು ಹೇಳದೆ ಮಾತಾಡಿದ್ರು. ವರ್ಷಕ್ಕೂ ಮೇಲೆ ದಿನಕ್ಕೆ 11 ಗಂಟೆಗೂ ಹೆಚ್ಚು, ವಾರದ ಏಳೂ ದಿನ ದುಡಿದಿದ್ದು, ಮುಗಿಸಿದ ದೃಶ್ಯವನ್ನೇ ಪದೇ ಪದೇ ಬದಲಾಯಿಸಿದ್ದು, ಸುಮಾರು 100 ಕಲಾವಿದರು ಮುಗಿಯೋ ಮೊದಲೇ ಬಿಟ್ಟು ಹೋಗಿದ್ದು ಎಲ್ಲ ಅದರಲ್ಲಿತ್ತು. ಸಿನಿಮಾ ಮಾಡೋದು ಅಂದ್ರೆ ಹೀಗೇ ಅನ್ನೋ ಅರ್ಥದ ಉತ್ತರ ನಿರ್ಮಾಪಕರ ಕಡೆಯಿಂದ ಬಂತು.

ಈಗ ಸಿನಿಮಾ ಇನ್ನೊಮ್ಮೆ ನೋಡಿ. ಗ್ವೆನ್ ಲೋಕ ನೀರುಬಣ್ಣದ ಚಿತ್ರದ ಥರ, ಅವಳ ಮನಸ್ಸು ಹೇಗಿದೆಯೋ ಗೋಡೆ ಬಣ್ಣ ಹಾಗೆ ಕರಗುತ್ತೆ. ಹೋಬಿ ಅನ್ನೋನು ಹಳೇ ಪೋಸ್ಟರ್ ಹರಿದು ಅಂಟಿಸಿದ ಹಾಗೆ ಕಾಣ್ತಾನೆ. ಮುಂಬಾಟನ್‌ಗೆ ಸ್ಫೂರ್ತಿ ನಮ್ಮ ಅಪ್ಪಂದಿರ ಕಾಲದ ಇಂದ್ರಜಾಲ ಕಾಮಿಕ್ಸ್. ಒಂದೊಂದು ಲೋಕಕ್ಕೂ ಚಿತ್ರ ಬಿಡಿಸೋ ರೀತಿಯೇ ಬೇರೆ. ಇದನ್ನ ಒಂಬತ್ತು ತಿಂಗಳಲ್ಲಿ ಇನ್ನೊಮ್ಮೆ ಮಾಡಿ ಅಂದಿದ್ರೆ ಯಾರ ಬೆನ್ನು ಮುರೀತಿತ್ತು? 'ಬೇಗ ಬಿಡಿ' ಅಂತ ಕಾಮೆಂಟ್ ಹಾಕಿದವರಲ್ಲಿ ನಾನೂ ಒಬ್ಬ. ಆ ವರದಿ ಓದಿದ ಮೇಲೆ ಹಾಕಿಲ್ಲ.

ಪವಿತ್ರ್‌ಗೆ ಇನ್ನಷ್ಟು ಜಾಗ ಬೇಕು

ಇಂಡಿಯಾದ ಫ್ಯಾನ್ಸ್‌ಗೆ ಇನ್ನೊಂದು ಆಸೆ ಇದೆ. ಪವಿತ್ರ್ ಪ್ರಭಾಕರ್ ಹುಟ್ಟಿದ್ದು 2004ರಲ್ಲಿ, 'ಸ್ಪೈಡರ್-ಮ್ಯಾನ್: ಇಂಡಿಯಾ' ಅನ್ನೋ ನಾಲ್ಕು ಸಂಚಿಕೆಯ ಕಾಮಿಕ್ಸ್‌ನಲ್ಲಿ. ಶರದ್ ದೇವರಾಜನ್, ಸುರೇಶ್ ಸೀತಾರಾಮನ್, ಜೀವನ್ ಕಾಂಗ್ ಸೇರಿ ಮಾಡಿದ್ದು. ಆ ಕಾಮಿಕ್ಸ್‌ನಲ್ಲಿ ಅವನು ಹಳ್ಳಿಯಿಂದ ಮುಂಬೈಗೆ ಓದೋಕೆ ಬಂದ ಹುಡುಗ, ಮೈಮೇಲೆ ಧೋತಿ. ಶಕ್ತಿ ಬಂದಿದ್ದು ಒಬ್ಬ ಯೋಗಿಯಿಂದ. ಸಿನಿಮಾದಲ್ಲಿ ಅವನನ್ನು ಸ್ಟೈಲಾಗಿ ಬದಲಾಯಿಸಿದ್ರು. 'ಚಾಯ್ ಟೀ' ಅಂದ ಮೈಲ್ಸ್‌ಗೆ ಅವನು ಕ್ಲಾಸ್ ತಗೊಳ್ಳೋ ಸೀನ್‌ಗೆ ನಮ್ಮ ಜನ ಬಿದ್ದು ಬಿದ್ದು ನಕ್ಕಿದ್ರು. ಆದ್ರೆ ಬಂದಷ್ಟೇ ಬೇಗ ಹೋದ. ಅವನ ಊರಿನ ಗುಂಡಿ ಮುಚ್ಚಿತಾ, ಇನ್‌ಸ್ಪೆಕ್ಟರ್ ಸಿಂಗ್ ಗತಿ ಏನು ಅನ್ನೋದು ಹಾಗೇ ಉಳಿದಿದೆ. ಕೊನೆಯಲ್ಲಿ ಗ್ವೆನ್ ಗ್ಯಾಂಗಿನಲ್ಲಿ ಅವನೂ ಇರೋದರಿಂದ ಮತ್ತೆ ಬರೋದಂತೂ ನಿರೀಕ್ಷಿಸಬಹುದು.

ಕನ್ನಡದಲ್ಲಿ ಬರುತ್ತಾ?

ನಮಗೆ ಇದು ಮುಖ್ಯ. 2023ರಲ್ಲಿ 'ಅಕ್ರಾಸ್' ಇಂಡಿಯಾದಲ್ಲಿ 10 ಭಾಷೆಯಲ್ಲಿ ಬಂತು, ಅದರಲ್ಲಿ ಕನ್ನಡವೂ ಒಂದು. ಪವಿತ್ರ್‌ಗೆ ಹಿಂದಿ, ಪಂಜಾಬಿಯಲ್ಲಿ ಕ್ರಿಕೆಟರ್ ಶುಭಮನ್ ಗಿಲ್ ಧ್ವನಿ ಕೊಟ್ಟಿದ್ದು ಸುದ್ದಿಯಾಯ್ತು, ಕನ್ನಡ ಬಂದಿದ್ದು ಅಷ್ಟು ಸುದ್ದಿಯಾಗಲಿಲ್ಲ. ಆದ್ರೆ ಹಿಂದಿನದು ಗೊತ್ತಿದ್ದವರಿಗೆ ಅದು ಸಣ್ಣ ವಿಷಯ ಅಲ್ಲ. ದಶಕಗಳ ಕಾಲ ಕನ್ನಡಕ್ಕೆ ಡಬ್ಬಿಂಗ್ ಬೇಡ ಅಂತ ಚಿತ್ರೋದ್ಯಮ ತಡೆದಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹಾಗೆ ತಡೆಯೋದು ತಪ್ಪು ಅಂತ ಆದೇಶ ಕೊಟ್ಟಿತು. 2017ರಲ್ಲಿ ಅಜಿತ್ ಅವರ ತಮಿಳು ಸಿನಿಮಾ 'ಸತ್ಯದೇವ್ ಐಪಿಎಸ್' ಹೆಸರಲ್ಲಿ ಕನ್ನಡಕ್ಕೆ ಬಂದಾಗ ಪ್ರತಿಭಟನೆ ನಡೆದಿತ್ತು. 2022ರಲ್ಲಿ 'ಅವತಾರ್' ಎರಡನೇ ಭಾಗ ಕನ್ನಡದಲ್ಲೂ ಬಂತು. ಅದಾದ ಆರು ತಿಂಗಳಿಗೆ ಸ್ಪೈಡರ್-ಮ್ಯಾನ್.

ಡಬ್ಬಿಂಗ್ ಬೇಡ ಅನ್ನೋರ ಮಾತಲ್ಲೂ ಹುರುಳಿತ್ತು, ಇಲ್ಲಿನ ಕಲಾವಿದರ ಅನ್ನದ ಪ್ರಶ್ನೆ ಅದು. ಆದ್ರೆ ಇಂಥ ಅನಿಮೇಷನ್ ಸಿನಿಮಾ ಕನ್ನಡದಲ್ಲಿ ಬರದಿದ್ರೆ ಕನ್ನಡ ಮೀಡಿಯಂ ಹುಡುಗ ಕನ್ನಡ ಸಿನಿಮಾ ನೋಡಲ್ಲ, ಇದನ್ನೇ ಹಿಂದೀಲೋ ತೆಲುಗಲ್ಲೋ ನೋಡ್ತಾನೆ. ಅಪ್ಪ-ಮಗನ ಮಾತುಕತೆಯೇ ಜೀವಾಳ ಆಗಿರೋ ಕಥೆ ಇದು. ಹಣೆಬರಹದ ವಾದ ಅರ್ಧಂಬರ್ಧ ಅರ್ಥ ಆದ್ರೆ ಉಳಿಯೋದು ಬರೀ ಬಣ್ಣ, ಹಾರಾಟ.

ಮೂರನೇ ಭಾಗದ ಇಂಡಿಯಾ ಟ್ರೇಲರ್ ಬಂದಾಗ ಕೊನೆಯಲ್ಲಿ ಭಾಷೆಗಳ ಪಟ್ಟಿ ಬರುತ್ತೆ, ಅದನ್ನ ಮೊದಲು ನೋಡಿ. ಪಟ್ಟಿಯಲ್ಲಿ ಕನ್ನಡ ಇದ್ದ ಮಾತ್ರಕ್ಕೆ ಜಿಲ್ಲಾ ಕೇಂದ್ರದ ಥಿಯೇಟರ್‌ಗೆ ಕನ್ನಡದ್ದೇ ಶೋ ಬರುತ್ತೆ ಅಂತಿಲ್ಲ. ಯಾವ ಭಾಷೆಗೆ ಎಷ್ಟು ಶೋ ಅನ್ನೋದು ರಿಲೀಸ್ ವಾರದಲ್ಲಿ ತೀರ್ಮಾನ ಆಗುತ್ತೆ. ಹಾಗಾಗಿ ಬುಕ್ಕಿಂಗ್ ಓಪನ್ ಆದಾಗ ಮಕ್ಕಳನ್ನು ಕರ್ಕೊಂಡು ಹೋಗೋರು ಟಿಕೆಟ್ ತಗೊಳ್ಳೋ ಮೊದಲು ಕನ್ನಡ ಶೋ ಇದೆಯಾ ಅಂತ ಕೌಂಟರ್‌ನಲ್ಲಿ ಒಂದು ಮಾತು ಕೇಳಿ. ನಾನಂತೂ ಕೇಳೋನೇ.