ಹುಡುಕಿದ್ದು ಕಲ್ಲು, ಸಿಕ್ಕಿದ್ದು ಗಡ್ಡೆ!

ಸೊಂಟನೋವು ಅಂತ ಸಿ.ಟಿ. ಸ್ಕ್ಯಾನಿಗೆ ಹೋಗ್ತೀರಿ. ಹುಡುಕುವುದು ಕಿಡ್ನಿ ಕಲ್ಲು. ರಿಪೋರ್ಟಿನ ಕೊನೇ ಸಾಲಿನಲ್ಲಿ ‘ಎಡ ಅಡ್ರಿನಲ್‌ನಲ್ಲಿ 2 ಸೆಂ.ಮೀ. ಗಡ್ಡೆ’ ಅಂತ ಬಂದಿರುತ್ತೆ. ಆವತ್ತು ಮನೆಯಲ್ಲಿ ಯಾರ ಗಂಟಲಲ್ಲೂ ಅನ್ನ ಇಳಿಯೋಲ್ಲ. ಒಬ್ಬ ನೆಂಟರು ‘ನಾಳೇನೇ ಆಪರೇಷನ್ ಮಾಡಿಸಿ’ ಅಂತಾರೆ, ಇನ್ನೊಬ್ಬರು ‘ಸೂಜಿ ಚುಚ್ಚಿಸಿ ನೋಡಿ’ ಅಂತಾರೆ.

ಸ್ವಲ್ಪ ತಡೀರಿ ಸ್ವಾಮಿ!

ಅಡ್ರಿನಲ್ ಅಂದರೆ ಕಿಡ್ನಿಗಳ ನೆತ್ತಿ ಮೇಲೆ ಟೋಪಿಯ ಹಾಗೆ ಕೂತ ಪುಟ್ಟ ಗ್ರಂಥಿ. ಹೊಟ್ಟೆಯ ಸಿ.ಟಿ. ಮಾಡಿಸಿದ ನೂರು ಜನರಲ್ಲಿ ಮೂರ್ನಾಲ್ಕು ಮಂದಿಗೆ ಇಂಥ ಗಡ್ಡೆ ಕಾಣುವುದುಂಟು. ವಯಸ್ಸಾದವರಲ್ಲಿ ಇನ್ನೂ ಜಾಸ್ತಿ. ಹೆಚ್ಚಿನವು ನಿರುಪದ್ರವಿ, ಕೊಬ್ಬು ತುಂಬಿದವು. ಸ್ಕ್ಯಾನಿನಲ್ಲಿ ಅದರ ಸಾಂದ್ರತೆ ನೋಡಿಯೇ ವೈದ್ಯರು ಎಷ್ಟೋ ಸಲ ಹೇಳಬಲ್ಲರು. 4 ಸೆಂ.ಮೀ. ದಾಟಿದ್ದರೆ, ಅಂಚು ಅಡ್ಡಾದಿಡ್ಡಿ ಇದ್ದರೆ ಕ್ಯಾನ್ಸರಿನ ಅನುಮಾನ ಪಡುತ್ತಾರೆ.

ಅಪರೂಪದ ಕಿಲಾಡಿ ಒಂದಿದೆ: ಫಿಯೋಕ್ರೋಮೋಸೈಟೋಮ. ಇದು ಅಡ್ರಿನಲಿನ್ ಜಾತಿಯ ರಸಗಳನ್ನು ರಕ್ತಕ್ಕೆ ಸುರಿಯುತ್ತೆ. ತಲೆನೋವು, ಬೆವರು, ಎದೆ ಡವಡವ, ಬಿ.ಪಿ. ಏರಾಟ. ಕೆಲವರಲ್ಲಿ ಏನೂ ತೋರದು. ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್‌ಗೆ ಬಿ.ಪಿ. ಇತ್ತು, ಹೃದಯಾಘಾತಗಳೂ ಆಗಿದ್ದವು. 1969ರಲ್ಲಿ ತೀರಿಕೊಂಡ ಮೇಲೆ ಶವಪರೀಕ್ಷೆಯಲ್ಲಿ ಸಿಕ್ಕಿತು, ಒಂದೂವರೆ ಸೆಂ.ಮೀ.ನ ಇದೇ ಗಡ್ಡೆ! ಲೋಕದ ದೊಡ್ಡ ಡಾಕ್ಟರುಗಳೇ ಸುತ್ತ ಇದ್ದರು. ಆದರೆ ಮನುಷ್ಯನ ಮೊದಲ ಸಿ.ಟಿ. ಲಂಡನ್ನಿನಲ್ಲಿ ಆದದ್ದೇ 1971ರಲ್ಲಿ.

ಇಂಥದ್ದಕ್ಕೆ ಗೊತ್ತಿಲ್ಲದೆ ಸೂಜಿಯೋ ಕತ್ತಿಯೋ ತಾಗಿಸಿದರೆ ಬಿ.ಪಿ. ಒಮ್ಮೆಲೇ ಮುಗಿಲಿಗೇರಿ ಜೀವಕ್ಕೇ ಸಂಚಕಾರ. ಅದಕ್ಕೇ ಮೊದಲು ರಕ್ತದಲ್ಲೋ 24 ಗಂಟೆಯ ಮೂತ್ರದಲ್ಲೋ ಮೆಟಾನೆಫ್ರಿನ್ ಪರೀಕ್ಷೆ. ಫಿಯೋ ಅಂತ ಖಚಿತವಾದರೆ ‘ಆಲ್ಫಾ’ ತಡೆ ಮಾತ್ರೆ ಒಂದೆರಡು ವಾರ ಕೊಟ್ಟು, ಬಿ.ಪಿ. ಹದಕ್ಕೆ ತಂದು, ಆಮೇಲಷ್ಟೇ ಆಪರೇಷನ್. ಎದೆಬಡಿತಕ್ಕೆ ಅಂತ ‘ಬೀಟಾ’ ತಡೆ ಮಾತ್ರೆಯನ್ನೇ ಮೊದಲು ಕೊಟ್ಟರೆ ಬಿ.ಪಿ. ಇನ್ನೂ ಕೆರಳುತ್ತೆ.

ಜೊತೆಗೆ ಕಾರ್ಟಿಸಾಲ್ ಪರೀಕ್ಷೆಯೂ ಉಂಟು: ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ನುಂಗಿ ಬೆಳಿಗ್ಗೆ 8ಕ್ಕೆ ರಕ್ತ ಕೊಡಬೇಕು. ಬಿ.ಪಿ. ಇರುವವರಿಗೆ ಆಲ್ಡೊಸ್ಟಿರೋನ್, ರೆನಿನ್ ಕೂಡ.

ಮೆಟಾನೆಫ್ರಿನ್‌ಗೆ ರಕ್ತ ಕೊಡುವ ಮುಂಚೆ ಅರ್ಧ ಗಂಟೆ ಅಂಗಾತ ಮಲಗಿರಬೇಕು. ಬಸ್ಸಿಳಿದು ಏದುಸಿರು ಬಿಡುತ್ತಾ ಬಂದು ತೋಳು ಚಾಚಿದರೆ ಲೆಕ್ಕ ತಪ್ಪುತ್ತೆ. ಖಿನ್ನತೆಯ ಕೆಲವು ಮಾತ್ರೆಗಳೂ ಹಾಗೇ ದಾರಿ ತಪ್ಪಿಸುತ್ತವೆ. ನುಂಗುತ್ತಿರುವ ಮಾತ್ರೆಗಳ ಚೀಟಿ, ಹಳೇ ಸ್ಕ್ಯಾನ್ ಇದ್ದರೆ ಅದೂ, ಡಾಕ್ಟರ ಮುಂದಿಡಿ.