ಎಡ್ವರ್ಡ್ ಎಂಬ ಹೆಸರು

ಇಂಗ್ಲೆಂಡಿನ ಚರಿತ್ರೆಯನ್ನು ಓದಿದ ಶ್ರೋತೃಗಳಿಗೆ ಒಂದು ಸಂದೇಹ ಬಂದಿರಬಹುದು. ಅಲ್ಲಿ ಒಂದನೆಯ ಎಡ್ವರ್ಡ್ ಎನಿಸಿಕೊಂಡ ದೊರೆ ಪಟ್ಟಕ್ಕೆ ಬಂದುದು 1272ರಲ್ಲಿ. ಅವನಿಗಿಂತ ಮೊದಲೇ ಅದೇ ಹೆಸರಿನ ಮೂವರು ಇಂಗ್ಲೆಂಡಿನಲ್ಲಿ ಆಳಿದ್ದರು. ಹಾಗಿದ್ದರೂ ನಾಲ್ಕನೆಯವನನ್ನು ಒಂದನೆಯವನೆಂದು ಎಣಿಸಲು ಕಾರಣವೇನು? ಈ ಹೆಸರಿನ ಮೂಲವನ್ನು ಅರಸಿ ಹೊರಟರೆ ನಮಗೆ ಉತ್ತರ ದೊರೆಯುತ್ತದೆ.

ಎಡ್ವರ್ಡ್ ಅಚ್ಚ ಹಳೆಯ ಇಂಗ್ಲಿಷ್ ಮಾತು. ಅದರ ಮೊದಲ ಭಾಗಕ್ಕೆ ಸಿರಿ, ಭಾಗ್ಯ ಎಂದು ಅರ್ಥ. ಎರಡನೆಯದಕ್ಕೆ ಕಾಯುವವನೆಂದು ಅರ್ಥ. ನಮ್ಮಲ್ಲಿ ಶ್ರೀಪಾಲ, ಧನಪಾಲ ಎಂದು ಹೆಸರಿಡುವಂತೆಯೇ ಇದೂ ಒಂದು. ಎಡ್ಮಂಡ್, ಎಡ್ವಿನ್, ಎಡಿತ್ ಎಂಬ ಹೆಸರುಗಳ ಮೊದಲಲ್ಲಿ ಇರುವುದೂ ಇದೇ ಸಿರಿ.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದನು. ಭೂಮಿಯೂ ಅಧಿಕಾರವೂ ಫ್ರೆಂಚು ಆಡುವ ಒಡೆಯರ ವಶವಾದುವು. ವಿಲಿಯಂ, ರಾಬರ್ಟ್, ರಿಚರ್ಡ್, ಹೆನ್ರಿ ಎಂಬುವು ದೊಡ್ಡ ಮನೆತನಗಳ ಹೆಸರುಗಳಾದುವು. ಅವನ್ನು ನೋಡಿ ಸಾಮಾನ್ಯರೂ ತಮ್ಮ ಮಕ್ಕಳಿಗೆ ಅವನ್ನೇ ಇಡತೊಡಗಿದರು. ಒಡೆಯರ ಮೇಲಣ ಮೋಹವೇ ಕಾನೂನಿನ ಕೆಲಸವನ್ನು ಮಾಡಿತು. ಹದಿಮೂರನೆಯ ಶತಮಾನದ ವೇಳೆಗೆ ಎಥೆಲ್‌ರೆಡ್, ವುಲ್ಫ್‌ಸ್ಟನ್ ಮೊದಲಾದ ಹಳೆಯ ಹೆಸರುಗಳು ಬಹುಮಟ್ಟಿಗೆ ಮರೆಯಾದುವು.

ಎಡ್ವರ್ಡ್ ಎಂಬುದನ್ನು ಉಳಿಸಿದವನು ಆ ಗೆದ್ದ ವಂಶದವನೇ ಆದ ಮೂರನೆಯ ಹೆನ್ರಿ. 1066ರ ಮೊದಲ ತಿಂಗಳಲ್ಲಿ ತೀರಿಕೊಂಡ ಧರ್ಮಶೀಲ ದೊರೆ, ‘ಕನ್‌ಫೆಸರ್’ ಎಂಬ ಬಿರುದಿನ ಎಡ್ವರ್ಡನನ್ನು 1161ರಲ್ಲಿ ಸಂತರ ಪಂಕ್ತಿಗೆ ಸೇರಿಸಲಾಗಿತ್ತು. ಹೆನ್ರಿಗೆ ಆ ಸಂತನಲ್ಲಿ ಅಪಾರ ಭಕ್ತಿ. ಅವನ ಸಮಾಧಿಯಿದ್ದ ವೆಸ್ಟ್‌ಮಿನ್‌ಸ್ಟರ್ ದೇವಾಲಯವನ್ನು 1245ರಿಂದ ಹೊಸದಾಗಿ ಕಟ್ಟಿಸಿದನು. ಅದಕ್ಕೂ ಮೊದಲೇ, 1239ರಲ್ಲಿ ಹುಟ್ಟಿದ ಹಿರಿಯ ಮಗನಿಗೆ ಆ ಹೆಸರನ್ನಿಟ್ಟಿದ್ದನು. ಆ ಮಗ, ಮೊಮ್ಮಗ, ಮರಿಮಗ ಮೂವರೂ ಎಡ್ವರ್ಡರಾಗಿ 1377ರವರೆಗೆ ಒಬ್ಬರ ಹಿಂದೊಬ್ಬರು ಆಳಿದರು. ಅರಮನೆಗೆ ಬಂದ ಹೆಸರು ಮತ್ತೆ ಜನರ ಮನೆಗೂ ಬಂದಿತು. ತಾಯಂದಿರ ಬಾಯಲ್ಲಿ ‘ನನ್ನ ಎಡ್’ ಎಂಬರ್ಥದ ‘ಮೈನ್ ಎಡ್’ ಎಂಬ ಮುದ್ದುಮಾತಿನ ನಕಾರವು ಹೆಸರಿಗೆ ಅಂಟಿಕೊಂಡು ‘ನೆಡ್’ ಆಯಿತು.

ಒಂದೇ ಹೆಸರಿನ ಮೂವರನ್ನು ಗುರುತಿಸಲು ಅಂಕೆ ಬೇಕಾಯಿತು. ಮೂರನೆಯವನನ್ನು ‘ವಿಜಯಾನಂತರದ ಮೂರನೆಯ ಎಡ್ವರ್ಡ್’ ಎಂದು ಬರೆಯುತ್ತಿದ್ದರು. ಬರಬರುತ್ತ ‘ವಿಜಯಾನಂತರದ’ ಎಂಬ ವಿಶೇಷಣವು ಬಿದ್ದುಹೋಗಿ ಅಂಕೆ ಮಾತ್ರ ನಿಂತಿತು.

ಸೋತವರ ಹೆಸರು ಹೀಗೆ ಉಳಿಯಿತು; ಎಣಿಕೆ ಮಾತ್ರ ಗೆದ್ದವರದು. ನೆರೆಯವರ ಸಿರಿಗೆ ಬೆರಗಾಗಿ ಮಕ್ಕಳಿಗೆ ಹೆಸರಿಡುವ ಯಾರಿಗಾದರೂ ಇದು ಯೋಚಿಸತಕ್ಕ ವಿಷಯ. 1936ರಲ್ಲಿ ಸಿಂಹಾಸನವನ್ನು ತ್ಯಜಿಸಿದವನನ್ನು ಎಂಟನೆಯ ಎಡ್ವರ್ಡ್ ಎನ್ನುತ್ತೇವೆ. ಮರೆತ ಮೂವರನ್ನೂ ಸೇರಿಸಿ ಎಣಿಸಿದರೆ ಅವನು ಹನ್ನೊಂದನೆಯವನು.